ಹರಿಗೋಲಿನಲ್ಲಿ ಒಂದು ಜಾಗ

ಹೊಳೆಯ ಬಡಗಣ ದಡ ಒಬ್ಬ ದೊಡ್ಡ ಅರಸನದು. ತೆಂಕಣ ದಡ ಇನ್ನೊಬ್ಬ ದೊಡ್ಡ ಅರಸನದು. ನಡುವಿನ ನಡುಗಡ್ಡೆ ಯಾರದೂ ಅಲ್ಲ.

ಅರಸರಿಗೆ ಅದರ ಮೇಲೆ ಆಸೆಯಿರಲಿಲ್ಲ ಎಂದೇನಲ್ಲ. ಅಲ್ಲಿ ಅಮೃತರಾಶಿ ಗುರುಗಳ ಆಶ್ರಮವಿತ್ತು. ಜ್ವರ ಬಂದರೆ, ಕಾಲು ಮುರಿದರೆ, ಹಾವು ಕಚ್ಚಿದರೆ ಎರಡೂ ದಡದ ಜನ ಅವರನ್ನೇ ಕರೆಯುತ್ತಿದ್ದರು. ಅರಸರಿಗೂ ಜ್ವರ ಬರುತ್ತದಲ್ಲ.

ಆ ಆಶ್ರಮದಲ್ಲಿ ಒಂದು ಕಟ್ಟಳೆಯಿತ್ತು. ಹೊಸದಾಗಿ ಬಂದ ಶಿಷ್ಯ ಮೊದಲು ಹರಿಗೋಲು ಹೆಣೆಯಬೇಕು. ಬಿದಿರು ಸೀಳಿ, ದೊಡ್ಡ ಬುಟ್ಟಿಯ ಹಾಗೆ ಹೆಣೆದು, ತೊಗಲು ಹೊದಿಸಬೇಕು. ಆಮೇಲೆ ದಡದಲ್ಲಿ ತನ್ನ ಕೈಯಾರೆ ಒಂದು ಗೂಟ ಹೊಡೆದು, ಅದಕ್ಕೆ ತನ್ನ ಹರಿಗೋಲನ್ನು ಕಟ್ಟಬೇಕು.

“ನಿನ್ನ ಹರಿಗೋಲು, ನಿನ್ನ ಗೂಟ,” ಎನ್ನುತ್ತಿದ್ದರು ಗುರುಗಳು.

ಅದೇ ಮೊದಲ ಪಾಠ. ಅದು ಪಾಠವೆಂದು ತಿಳಿಯದೆ ಎಷ್ಟೋ ಮಂದಿ ಶಿಷ್ಯರು ಪಾಠ ಯಾವಾಗ ಶುರುವಾಗುತ್ತದೋ ಎಂದು ಕಾಯುತ್ತಾ ಕೂರುತ್ತಿದ್ದರು.

ಶಿಷ್ಯರಲ್ಲಿ ಸೋವಿ ಎಂಬವನಿದ್ದ. ಬಡಗಣ ದಡದ ಮಣಲೂರೆಂಬ ಪುಟ್ಟ ನಾಡಿನ ಒಡೆಯನ ಮಗ. ಕೈ ಬಲು ಚೊಕ್ಕ. ಅವನು ಹೆಣೆದ ಹರಿಗೋಲಿನಲ್ಲಿ ಒಂದು ಹನಿ ನೀರೂ ಒಳಗೆ ಬರುತ್ತಿರಲಿಲ್ಲ.

ಗುರುಗಳು ಬೆಳಿಗ್ಗೆ ರೋಗಿಗಳನ್ನು ನೋಡಲು ದಡಕ್ಕೆ ಹೋಗುವಾಗ ಸೋವಿಯ ಹರಿಗೋಲಿನಲ್ಲೇ ಕೂರುತ್ತಿದ್ದರು. ಹಾಗೆಂದು ಯಾರೂ ಗೊತ್ತುಮಾಡಿರಲಿಲ್ಲ. ಒಮ್ಮೆ ಕೂತರು, ಮರುದಿನವೂ ಕೂತರು, ಅದೇ ರೂಢಿಯಾಯಿತು.

ಗುರುಗಳು ಕೂರುವ ಜಾಗಕ್ಕೆ ಸೋವಿ ದಿನವೂ ಹೊಸ ಹುಲ್ಲು ಹಾಸುತ್ತಿದ್ದ. ಬೇರೆ ಯಾರಾದರೂ ಮರೆತು ಅಲ್ಲಿ ಕುಳಿತರೆ ಕೆಮ್ಮುತ್ತಿದ್ದ. ಅಷ್ಟಕ್ಕೂ ಏಳದಿದ್ದರೆ ಹರಿಗೋಲು ನಡೆಸುವ ಹುಟ್ಟಿನಿಂದ ನೀರು ಎರಚುತ್ತಿದ್ದ.

ಹೀಗಿರುವಾಗ ಎರೆಯಮ್ಮ ಎಂಬ ಹುಡುಗ ಬಂದ. ತೆಂಕಣ ದಡದ ಹಿರಿಹೊಳಲಿನ ಒಡೆಯನ ಮಗ. ಅವನ ನಾಡಿಗೂ ಸೋವಿಯ ನಾಡಿಗೂ ನಡುವೆ ಇದ್ದದ್ದು ಹೊಳೆಯೊಂದೇ. ಈ ದಡದಲ್ಲಿ ನಿಂತು ಕೂಗಿದರೆ ಆ ದಡದಲ್ಲಿ ಕೇಳಿಸುವಷ್ಟು ಹತ್ತಿರ.

ಎರೆಯಮ್ಮ ಹೇಗೋ ಒಂದು ಹರಿಗೋಲು ಹೆಣೆದ. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಸೋವಿ ಅದನ್ನು ನೋಡಿ ಮನಸ್ಸಿನಲ್ಲೇ ನಕ್ಕ.

ಮರುದಿನ ಬೆಳಿಗ್ಗೆ ಸೋವಿ ಹುಲ್ಲು ಹಾಸಿ ಕಾಯುತ್ತಿದ್ದ. ಗುರುಗಳು ಬಂದರು. ಸೋವಿಯ ಹರಿಗೋಲನ್ನು ದಾಟಿ ಮುಂದೆ ಹೋದರು. ಎರೆಯಮ್ಮನ ಹರಿಗೋಲಿನಲ್ಲಿ ಕೂತರು.

ಸೋವಿಗೆ ಮೈಯೆಲ್ಲ ಉರಿದುಹೋಯಿತು.

ಇವತ್ತೊಂದು ದಿನ ಇರಬಹುದು ಎಂದು ಸಮಾಧಾನ ಮಾಡಿಕೊಂಡ. ಆದರೆ ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಹಾಸಿದ ಹುಲ್ಲನ್ನು ಸೋವಿ ದನಗಳಿಗೆ ಹಾಕಿದ.

ಒಂದು ಸಂಜೆ ತಡೆಯಲಾರದೆ ಗುರುಗಳ ಬಳಿಗೆ ಹೋದ.

“ಗುರುಗಳೇ, ಒಂದು ಮಾತು ಕೇಳಲಾ?”

“ಕೇಳು.”

“ಎರೆಯಮ್ಮನ ಹರಿಗೋಲಿನಲ್ಲಿ ನನ್ನದರಲ್ಲಿ ಇಲ್ಲದ್ದು ಏನಿದೆ?”

ಗುರುಗಳು ಯೋಚಿಸಲೂ ಇಲ್ಲ. “ತೂತು,” ಎಂದರು.

ಸೋವಿ ಕೈಮುಗಿದು ಹೊರಗೆ ಬಂದ. ಗುರುಗಳ ಒಂದೊಂದು ಮಾತಿಗೂ ಆಳವಾದ ಅರ್ಥ ಹುಡುಕುವುದು ಆಶ್ರಮದ ಹುಡುಗರಿಗೆ ಅಂಟಿದ ಚಾಳಿ. ಗುರುಗಳು ಉಪ್ಪು ಕಡಿಮೆ ಎಂದರೂ ಅದರ ಮೇಲೆ ಸಂಜೆಯವರೆಗೆ ಚರ್ಚೆ ನಡೆಯುತ್ತಿತ್ತು.

ಸೋವಿಯೂ ಯೋಚಿಸಿದ. ತೂತು ಎಂದರೆ ಬಯಲು. ಬಯಲು ಎಂದರೆ ನಾನು ಎಂಬುದು ಇಲ್ಲದ ಸ್ಥಿತಿ. ಹಾಗಾದರೆ ಎರೆಯಮ್ಮನಿಗೆ ಅಹಂಕಾರವಿಲ್ಲ, ನನಗೆ ಇದೆ ಎಂದು ಗುರುಗಳ ಅಭಿಪ್ರಾಯ.

ನಿನ್ನೆ ಮೊನ್ನೆ ಬಂದವನಿಗೆ ಅಹಂಕಾರ ಇಲ್ಲವಂತೆ! ಸೋವಿಗೆ ಆ ದಿನ ಊಟ ಸೇರಲಿಲ್ಲ.

ಕೆಲವು ದಿನ ಕಳೆಯಿತು. ಒಂದು ಬೆಳಿಗ್ಗೆ ನೋಡಿದರೆ ಸೋವಿಯ ಗೂಟ ಸ್ವಲ್ಪ ವಾಲಿತ್ತು. ಮರಳು ಸಡಿಲವಾಗಿ ಎಲ್ಲರ ಗೂಟವೂ ವಾಲುತ್ತದೆ. ಆದರೆ ಸೋವಿಯ ಕಣ್ಣಿಗೆ ಎರೆಯಮ್ಮನ ಕೈ ಕಂಡಿತು.

ಅವನು ಬಮ್ಮ ಎಂಬ ಇನ್ನೊಬ್ಬ ಶಿಷ್ಯನ ಬಳಿಗೆ ಹೋದ. ಬಮ್ಮ ಆಳು ಆನೆಯ ಹಾಗಿದ್ದರೂ ಎದುರಿಗೆ ಬೆಕ್ಕು ಬಂದರೆ ದಾರಿ ಬಿಡುವ ಆಸಾಮಿ.

“ಬಮ್ಮಾ, ಯಾರೋ ನಮ್ಮ ಗೂಟಗಳ ಮೇಲೆ ಕಣ್ಣು ಹಾಕಿದಾರೆ. ನಿನ್ನ ಹರಿಗೋಲನ್ನ ನನ್ನದಕ್ಕೆ ಕಟ್ಟು. ನಿನ್ನದನ್ನ ಮುಟ್ಟಿದರೆ ನನ್ನದನ್ನ ಮುಟ್ಟಿದ ಹಾಗೆ. ನಿನ್ನ ಬೆನ್ನಿಗೆ ನಾನಿದೀನಿ, ನನ್ನ ಬೆನ್ನಿಗೆ ನೀನಿರು.”

“ಯಾರು ಕಣ್ಣು ಹಾಕಿದೋರು?”

“ಯಾರು ಅಂತ ನಾನು ಹೇಳಲ್ಲ. ಗುರುಗಳನ್ನ ಕೂರಿಸಿಕೊಂಡು ಹೋಗ್ತಾನಲ್ಲ, ಅವನು ಇರಬಹುದು.”

ಬಮ್ಮ ಕಟ್ಟಿದ.

ಎರಡು ಹರಿಗೋಲು ಜೊತೆಯಾಗಿರುವುದನ್ನು ಎರೆಯಮ್ಮ ನೋಡಿದ. ಅವನಿಗೆ ಹೆದರಿಕೆಯಾಯಿತು. ಅವನು ಕೇತ ಎಂಬವನನ್ನು ಕರೆದು ಅವನ ಹರಿಗೋಲನ್ನು ತನ್ನದಕ್ಕೆ ಕಟ್ಟಿಸಿಕೊಂಡ. ಅದನ್ನು ನೋಡಿ ಸೋವಿ ಇನ್ನಿಬ್ಬರನ್ನು ಸೇರಿಸಿಕೊಂಡ. ಅದನ್ನು ನೋಡಿ ಎರೆಯಮ್ಮನೂ ಸೇರಿಸಿಕೊಂಡ.

ನೋಡನೋಡುತ್ತಾ ದಡದಲ್ಲಿ ಎರಡು ಸಾಲಾಯಿತು. ಯಾರ ಪಕ್ಷವೂ ಬೇಡವೆಂದು ಸುಮ್ಮನಿದ್ದವರಿಗೆ, “ಹಾಗಾದರೆ ನೀನು ಅವನ ಕಡೆಯವನು,” ಎಂದು ಎರಡೂ ಕಡೆಯವರು ಹೇಳಿದರು. ಅವರೂ ಕಟ್ಟಿದರು.

ಗುರುಗಳು ಸ್ನಾನಕ್ಕೆ ಬಂದಾಗ ಇದನ್ನು ಕಂಡರು.

“ಏನಿದು ಸೋವಿ?”

“ಭದ್ರವಾಗಿರಲಿ ಅಂತ, ಗುರುಗಳೇ. ಒಂದಕ್ಕೊಂದು ಕಟ್ಟಿದರೆ ಯಾವುದೂ ಕೊಚ್ಚಿಹೋಗಲ್ಲ.”

“ಹೋದರೆ?”

“ಹೋಗಲ್ಲ ಗುರುಗಳೇ.”

“ಸರಿ,” ಎಂದು ಗುರುಗಳು ನೀರಿಗಿಳಿದರು.

ಆಮೇಲೆ ಒಂದು ಸೋಜಿಗ ನಡೆಯಿತು. ಬೆಕ್ಕಿಗೆ ದಾರಿ ಬಿಡುತ್ತಿದ್ದ ಬಮ್ಮ ಎದೆ ಸೆಟೆಸಿ ನಡೆಯತೊಡಗಿದ. ಊಟದ ಸಾಲಿನಲ್ಲಿ ಕೇತನನ್ನು ಪಕ್ಕಕ್ಕೆ ತಳ್ಳಿ ಕೂತ. ಕೇತ ಗುರ್ ಎಂದರೆ, “ನನ್ನ ಹಿಂದೆ ಯಾರಿದಾರೆ ಗೊತ್ತೇನೋ?” ಎಂದ.

ಸೋವಿಗೆ ಇದು ಹಿಡಿಸಲಿಲ್ಲ. ಊಟದ ಜಾಗಕ್ಕೆಲ್ಲ ಜಗಳ ಯಾಕೆ?

“ಬಮ್ಮಾ, ಸ್ವಲ್ಪ ತಗ್ಗಿ ನಡಿ,” ಎಂದ.

“ಯಾಕೆ? ಬೆನ್ನಿಗಿದೀನಿ ಅಂದಿದ್ದೆಯಲ್ಲ. ಈಗ ಹೆದರಿದೆಯಾ? ಬೇಡ ಅಂದರೆ ಹೇಳು, ನಾನು ಹಗ್ಗ ಬಿಚ್ಚಿ ಆ ಕಡೆ ಕಟ್ಟಿಕೋತೀನಿ.”

ಆ ಕಡೆ! ಸೋವಿ ಬೆದರಿದ. ಬಮ್ಮ ಆ ಕಡೆ ಹೋದರೆ ತನ್ನ ಗತಿ?

“ಹಾಗಲ್ಲ ಮಾರಾಯ. ನಿನ್ನ ಬೆನ್ನಿಗೆ ನಾನಿದ್ದೇ ಇದೀನಿ,” ಎಂದ.

ಅಂದಿನಿಂದ ಬಮ್ಮ ಯಾರ ಮೇಲೆ ಕಾಲು ಕೆರೆದರೂ ಅದು ಸೋವಿಯ ಜಗಳವಾಯಿತು.

ಆ ಕಡೆಯವರು ಹಾಸಿಗೆಯ ಕೆಳಗೆ ದೊಣ್ಣೆ ಇಟ್ಟುಕೊಂಡಿದ್ದಾರೆ ಎಂದು ಯಾರೋ ಸುದ್ದಿ ತಂದರು. ನಿಜವೋ ಸುಳ್ಳೋ ನೋಡಿದವರಿಲ್ಲ. ಆದರೂ ಬರೀ ಕೈಯಲ್ಲಿ ಇರುವುದು ಹೇಗೆ? ನಡುಗಡ್ಡೆಯಲ್ಲಿ ಮರ ಕಡಿಯಲು ಗುರುಗಳ ಅಪ್ಪಣೆಯಿಲ್ಲ.

ಸೋವಿ ದಡಕ್ಕೆ ಹೋಗಿ ತನ್ನ ಗೂಟವನ್ನು ಅಲ್ಲಾಡಿಸಿ ಕಿತ್ತ. ಗಟ್ಟಿ ಮರ, ಹಿಡಿಯಲು ಹದವಾಗಿತ್ತು. ಹರಿಗೋಲು ಹೇಗೂ ಬಮ್ಮನದಕ್ಕೆ ಕಟ್ಟಿದೆ, ಎಲ್ಲಿಗೂ ಹೋಗುವುದಿಲ್ಲ. ಹಾಗೆಂದುಕೊಂಡು ಗೂಟವನ್ನು ಚಾಪೆಯ ಕೆಳಗೆ ಇಟ್ಟ. ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಮಣಲೂರಿನಿಂದ ಬೀಚಯ್ಯ ಬಂದದ್ದು ಅದೇ ದಿನಗಳಲ್ಲಿ. ಬೀಚಯ್ಯ ಸೋವಿಯ ಮನೆಯ ಹಳೆಯ ಆಳು, ಅವನನ್ನು ಎತ್ತಿ ಆಡಿಸಿದವನು. ಮುಖ ಬಾಡಿತ್ತು.

“ಸಣ್ಣೊಡೆಯಾ, ನಿಮ್ಮಪ್ಪೋರು ಕಳಿಸಿದಾರೆ. ಗುರುಗಳ ಮಾತು ಕೇಳಿಕೊಂಡು ಬೇಗ ಬಾ ಅಂತ ನನಗೆ ಹೇಳಿದಾರೆ.”

“ಏನಾಯ್ತು ಬೀಚಯ್ಯ?”

“ತೆಂಕಣ ಅರಸನ ಪಟ್ಟದಾನೆ ಹೊಳೆ ಈಜಿ ಬಂದು ನಮ್ಮ ಅರಸನ ಕಬ್ಬು ಮೇಯ್ತಂತೆ. ಇವರು ಆನೆ ಕಟ್ಟಿಹಾಕಿದರು. ಅವರು ಆನೆ ಕೊಡಿ ಅಂದರು. ಇವರು ಕಬ್ಬು ಕೊಡಿ ಅಂದರು. ಈಗ ಎರಡೂ ಕಡೆ ದಂಡು ಸೇರಿದೆ.”

“ಒಂದು ಆನೆಗಾ?”

“ಆನೆ ಒಂದು ನೆಪ ಸಣ್ಣೊಡೆಯಾ. ಇವರು ಕೋಟೆಗೆ ಒಂದು ಸುತ್ತು ಕಟ್ಟಿದರೆ ಅವರು ಎರಡು ಸುತ್ತು ಕಟ್ಟಿದರು. ಅವರ ಮೆರವಣಿಗೆ ದೊಡ್ಡದೋ ಇವರದು ದೊಡ್ಡದೋ ಅಂತ ಎಷ್ಟು ವರ್ಷದಿಂದ ಕುದೀತಾ ಕೂತಿದ್ದರು! ನಮಗೆ ಆನೆಯೂ ಇಲ್ಲ, ಕಬ್ಬೂ ಇಲ್ಲ. ಆದರೆ ದಂಡು ಹೊಳೆ ದಾಟೋ ಕಡವು ನಮ್ಮದು.”

ಸೋವಿಗೆ ಅರ್ಥವಾಯಿತು. ಆ ಭಾಗದಲ್ಲಿ ಹೊಳೆ ದಾಟಲು ಇದ್ದ ಕಡವು ಒಂದೇ. ಅದರ ಈ ತುದಿ ಮಣಲೂರಿನದು, ಆ ತುದಿ ಹಿರಿಹೊಳಲಿನದು. ಇಬ್ಬರೂ ದಾರಿ ಕೊಡದೆ ಸುಮ್ಮನಿದ್ದರೆ ದೊಡ್ಡ ಅರಸರು ದಡದಲ್ಲಿ ನಿಂತು ಮೀಸೆ ತಿರುವಿ ಮನೆಗೆ ಹೋಗಬೇಕಷ್ಟೆ.

“ನಮ್ಮ ಅರಸ ಕೈ ಜೋಡಿಸಿ ಅಂತಿದಾನೆ,” ಎಂದ ಬೀಚಯ್ಯ. “ಹಿರಿಹೊಳಲಿನೋರು ತೆಂಕಣ ಅರಸನ ಜೊತೆ ಸೇರ್ತಾರೆ ಅಂತ ಸುದ್ದಿ. ಅವರು ಸೇರಿದರೆ ನಾವು ಒಂಟಿ. ನಾವು ಸೇರಿದರೆ ದಂಡು ನಮ್ಮ ಊರ ಮೇಲೇ ಹಾದುಹೋಗಬೇಕು. ನಿಮ್ಮಪ್ಪೋರಿಗೆ ದಿಕ್ಕು ತೋಚ್ತಿಲ್ಲ. ಗುರುಗಳು ಹೇಳಿದ ಹಾಗೆ ಮಾಡ್ತಾರಂತೆ.”

ಸೋವಿ ಗುರುಗಳ ಬಳಿಗೆ ಓಡಿದ. ಅವರು ಚಿಗರೆಯ ತೊಗಲಿನ ತುಂಡೊಂದನ್ನು ಕತ್ತರಿಸುತ್ತಾ ಕೂತಿದ್ದರು. ಎಲ್ಲವನ್ನೂ ಕೇಳಿದರು.

“ನಿನ್ನ ಗೂಟ ನೋಡಿಕೊಂಡು ಬಾ,” ಎಂದರು. “ಆಮೇಲೆ ಹೇಳ್ತೀನಿ.”

“ಗುರುಗಳೇ, ಬೀಚಯ್ಯ ಕಾಯ್ತಿದಾನೆ.”

“ಕಾಯಲಿ. ನೋಡಿಕೊಂಡು ಬಾ.”

ಸೋವಿ ದಡದ ಕಡೆ ನಡೆದ. ಏನು ನೋಡುವುದು? ಗೂಟ ಚಾಪೆಯ ಕೆಳಗಿದೆ. ಅದು ಗುರುಗಳಿಗೆ ತಿಳಿದುಹೋಯಿತೇ? ಯಾರು ಚಾಡಿ ಹೇಳಿದರು?

ಹೇಳುವವರು ಇನ್ನು ಯಾರಿದ್ದಾರೆ! ದಿನವೂ ಗುರುಗಳ ಎದುರಿಗೆ ಕೂತು ಹೋಗುವವನು ಒಬ್ಬನೇ.

ತಿರುಗಿ ನೋಡಿದ. ಎರೆಯಮ್ಮ ಗುರುಗಳ ಕುಟೀರದೊಳಗೆ ಹೋಗುತ್ತಿದ್ದ. ಗುರುಗಳು ಕತ್ತರಿಸಿದ ತೊಗಲಿನ ತುಂಡನ್ನು ಅವನ ಕೈಗೆ ಕೊಟ್ಟರು. ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದರು. ಇಬ್ಬರೂ ನಕ್ಕರು.

ತನ್ನ ನಾಡು ಹೊತ್ತಿ ಉರಿಯುವಂತಿದೆ, ತನ್ನನ್ನು ಗೂಟ ನೋಡಲು ಕಳಿಸಿ ಅವನ ಜೊತೆ ನಗುತ್ತಿದ್ದಾರೆ.

ಸೋವಿಯ ಹೊಟ್ಟೆಯಲ್ಲಿ ಅಷ್ಟು ದಿನದಿಂದ ಹೊಗೆಯಾಡುತ್ತಿದ್ದದ್ದು ಭಗ್ಗೆಂದು ಹತ್ತಿಕೊಂಡಿತು. ಎರೆಯಮ್ಮನ ಅಪ್ಪ, ಎರೆಯಮ್ಮನ ನಾಡು, ಎರೆಯಮ್ಮನ ಅರಸ, ಎಲ್ಲರಿಗೂ ಬುದ್ಧಿ ಬರಲಿ ಎನ್ನಿಸಿತು. ಅವನು ನೇರವಾಗಿ ಬೀಚಯ್ಯನ ಬಳಿಗೆ ಹೋದ.

“ಗುರುಗಳು ಏನಂದರು ಸಣ್ಣೊಡೆಯಾ?”

“ಬಡಗಣ ಅರಸನ ಜೊತೆ ಸೇರಿಕೊಳ್ಳಲಿ ಅಂದರು. ದಂಡಿಗೆ ಕಡವು ಬಿಟ್ಟುಕೊಡಲಿ ಅಂದರು.”

ಬೀಚಯ್ಯ ಅವನ ಮುಖವನ್ನೇ ನೋಡಿದ. “ಗುರುಗಳು ಹಾಗಂದರಾ?”

“ಅಂದರು.”

ಬೀಚಯ್ಯ ಕುಟೀರದ ಕಡೆ ಕೈಮುಗಿದು, ತಾನು ತಂದಿದ್ದ ಹರಿಗೋಲು ಹತ್ತಿ ಹೋದ. ಸೋವಿಗೆ ಒಂದು ಗಳಿಗೆ ಬಲು ಹಗುರವೆನ್ನಿಸಿತು.

ಗುರುಗಳ ಬಳಿಗೆ ಅವನು ತಿರುಗಿ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಬಮ್ಮ ಕೇತನ ಹುಟ್ಟನ್ನು ಎತ್ತಿಕೊಂಡ. ತನ್ನ ಹುಟ್ಟು ಮುರಿದಿತ್ತಂತೆ.

“ಕೊಡೋ,” ಎಂದ ಕೇತ.

“ಕೊಡಲ್ಲ.”

ಕೇತ ಎರೆಯಮ್ಮನನ್ನು ಕೂಗಿದ. ಬಮ್ಮ ಸೋವಿಯನ್ನು ಕೂಗಿದ. ಸೋವಿ ಚಾಪೆಯ ಕೆಳಗಿನಿಂದ ಗೂಟ ತೆಗೆದುಕೊಂಡು ಓಡಿದ. ಎರೆಯಮ್ಮನೂ ಬಂದ, ಅವನ ಕೈಯಲ್ಲೂ ಗೂಟ. ಅಡುಗೆಮನೆಯಿಂದ, ಕೊಟ್ಟಿಗೆಯಿಂದ ಎಲ್ಲರೂ ಬಂದರು. ಯಾಕೆ ಬಂದೆವೆಂದು ಅರ್ಧ ಮಂದಿಗೆ ಗೊತ್ತಿರಲಿಲ್ಲ. ಯಾರ ಕಡೆ ನಿಲ್ಲಬೇಕೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಮೇಲಿನ ಸೀಮೆಯಲ್ಲಿ ಮಳೆಯಾಗಿ ಹೊಳೆಗೆ ಕೆಂಪು ನೀರು ಬರುತ್ತಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

“ಹುಟ್ಟು ಕೊಡಿಸು,” ಎಂದ ಎರೆಯಮ್ಮ.

“ಮೊದಲು ನಿನ್ನವರು ಗೂಟ ಕೆಳಗಿಡಲಿ,” ಎಂದ ಸೋವಿ.

“ಮೊದಲು ನಿನ್ನವರು.”

ಗುರುಗಳು ಬಂದು ನಡುವೆ ನಿಂತರು. ಸಿಟ್ಟು ಮಾಡಲಿಲ್ಲ.

“ಎಲ್ಲರ ಕೈಲೂ ಏನದು?”

ಕೇತ, “ಗೂಟ, ಗುರುಗಳೇ,” ಎಂದ.

“ಎಲ್ಲಿತ್ತು ಅದು?”

ಸೋವಿ ಬಮ್ಮನ ಕೈ ನೋಡಿದ. ಅಲ್ಲಿ ಬಮ್ಮನ ಗೂಟವಿತ್ತು. ಬಮ್ಮ ಸೋವಿಯ ಕೈ ನೋಡಿದ. ತನ್ನ ಹರಿಗೋಲು ಹೇಗೂ ಸೋವಿಯದಕ್ಕೆ ಕಟ್ಟಿದೆಯಲ್ಲ ಎಂದುಕೊಂಡಿದ್ದ ಅವನೂ.

ಎಲ್ಲರೂ ಒಟ್ಟಿಗೆ ದಡದ ಕಡೆ ತಿರುಗಿದರು.

ಹರಿಗೋಲುಗಳು ತೇಲಿಹೋಗುತ್ತಿದ್ದವು. ಒಂದೂ ಬಿಡಿಯಾಗಿ ಹೋಗಲಿಲ್ಲ. ಮೊದಲನೆಯದು ಎರಡನೆಯದನ್ನು ಎಳೆದುಕೊಂಡು, ಎರಡನೆಯದು ಮೂರನೆಯದನ್ನು ಎಳೆದುಕೊಂಡು, ಇಡೀ ಸಾಲು ಹೊಳೆಯ ನಡುವಿಗೆ ಹೋಯಿತು. ಅಲ್ಲಿ ಎರಡು ಸಾಲುಗಳ ಹಗ್ಗ ಒಂದಕ್ಕೊಂದು ತೊಡರಿತು. ಸೋವಿ ಚೊಕ್ಕವಾಗಿ ಹೆಣೆದದ್ದೂ ಎರೆಯಮ್ಮ ಅಂಕುಡೊಂಕಾಗಿ ಹೆಣೆದದ್ದೂ ಗಿರಗಿರ ತಿರುಗಿ ಬಂಡೆಗೆ ಬಡಿದವು.

ಬಿದಿರು ಮುರಿಯುವ ಸದ್ದು ದಡಕ್ಕೆ ಕೇಳಿಸಿತು.

ಆಗ ಸೋವಿಗೆ ಬೀಚಯ್ಯ ನೆನಪಾದ. ನಿನ್ನೆಯೇ ಮಣಲೂರು ಸೇರಿರುತ್ತಾನೆ. ಅಪ್ಪ ಅವನ ಮಾತು ಕೇಳಿ ತಲೆಯಾಡಿಸಿರುತ್ತಾನೆ. ಸೋವಿಯ ಕೈಯಿಂದ ಗೂಟ ಬಿತ್ತು. ಅವನು ಗುರುಗಳ ಕಾಲು ಹಿಡಿದುಕೊಂಡ.

“ಗುರುಗಳೇ, ನಾನು ತಪ್ಪು ಮಾಡಿದೆ. ನೀವು ಹೇಳದ ಮಾತನ್ನ ನಿಮ್ಮ ಹೆಸರಲ್ಲಿ ಹೇಳಿ ಕಳಿಸಿದೆ. ಬಡಗಣ ಅರಸನ ಜೊತೆ ಸೇರಿ ಅಂತ ಹೇಳಿಬಿಟ್ಟೆ.”

ಗುರುಗಳು ಕಣ್ಣು ಮುಚ್ಚಿದರು.

ಅವರು ಏನಾದರೂ ಹೇಳುವ ಮೊದಲೇ ಪಕ್ಕದಲ್ಲಿ ಇನ್ನೊಬ್ಬರು ಅಳುವ ಸದ್ದು ಕೇಳಿಸಿತು. ಎರೆಯಮ್ಮ ಮಂಡಿಯೂರಿ ಕೂತಿದ್ದ.

“ನಾನೂ, ಗುರುಗಳೇ.”

“ನೀನು ಏನು?” ಎಂದ ಸೋವಿ.

“ನಮ್ಮಪ್ಪನ ಆಳೂ ನಿನ್ನೆಯೇ ಬಂದಿದ್ದ. ನನಗೂ ಗುರುಗಳು ಗೂಟ ನೋಡಿಕೊಂಡು ಬಾ ಅಂದರು. ನನ್ನ ಗೂಟ ಹಾಸಿಗೆ ಕೆಳಗಿತ್ತು. ಯಾವ ಮುಖ ಇಟ್ಟುಕೊಂಡು ತಿರುಗಿ ಬರಲಿ? ನಿನ್ನ ಕಡೆಯವರು ಬಂದು ಹೋದದ್ದನ್ನ ನೋಡಿದ್ದೆ. ನೀವು ಸೇರಿಯೇ ಸೇರ್ತೀರ ಅಂದುಕೊಂಡು, ನಾವೂ ತೆಂಕಣ ಅರಸನ ಜೊತೆ ಸೇರಬೇಕಂತೆ ಅಂತ ಗುರುಗಳ ಹೆಸರಲ್ಲಿ ಹೇಳಿ ಕಳಿಸಿದೆ.”

“ನಮಗೆ ಬಂದ ಸುದ್ದಿ ಸುಳ್ಳಾ? ನಿಮ್ಮಪ್ಪ ಅಲ್ಲಿವರೆಗೆ ಸೇರಿರಲಿಲ್ವಾ?”

“ನೀವು ಸೇರಿದೀರಿ ಅಂತ ನಮಗೆ ಸುದ್ದಿ ಬಂದಿತ್ತು.”

ಆ ಹೊತ್ತಿನಲ್ಲೂ ಸೋವಿಯ ಬಾಯಿಂದ ಬಂದದ್ದು ಅದೇ ಹಳೆಯ ಉರಿ.

“ಗುರುಗಳು ದಿನಾ ನಿನ್ನ ಹರಿಗೋಲಲ್ಲೇ ಕೂತರಲ್ಲ. ನಿನಗೇನು ಕಮ್ಮಿಯಾಗಿತ್ತೋ?”

“ನನ್ನ ಹರಿಗೋಲು ಸೋರುತ್ತಿತ್ತು,” ಎಂದ ಎರೆಯಮ್ಮ. “ಭಾರ ಬೀಳದೆ ತೂತು ಎಲ್ಲಿದೆ ಗೊತ್ತಾಗಲ್ಲ ಅಂತ ಗುರುಗಳು ಕೂತರು. ಒಂದು ಮುಚ್ಚಿದರೆ ಇನ್ನೊಂದು ಕಡೆ ನೀರು. ದಿನಾ ಅವರ ಬಟ್ಟೆ ನೆನೀತಿತ್ತು. ನಿನ್ನೆ ಕೂಡ ತೇಪೆಗೆ ತೊಗಲು ಕೊಟ್ಟು, ನನಗೆ ಮೀನಿನ ಜೊತೆ ನೆಂಟಸ್ತನ ಮಾಡಿಸಿದೆ ನೀನು ಅಂತ ನಕ್ಕರು.”

ಸೋವಿ ಹೊಳೆಯ ಕಡೆ ತಿರುಗಿ ಮುರಿದ ಹರಿಗೋಲುಗಳನ್ನು ನೋಡಿದ.

“ಕೂತಷ್ಟು ಹೊತ್ತೂ ನಿನ್ನದೇ ಮಾತು,” ಎಂದ ಎರೆಯಮ್ಮ. “ಸೋವಿಯ ಹೆಣಿಗೆ ನೋಡು, ಸೋವಿಯ ಕೈ ನೋಡು, ಒಂದು ತೂತಿಲ್ಲ ಅಂತ. ಕೇಳಿ ಕೇಳಿ ನನ್ನ ಮೈ ಉರೀತಿತ್ತು.”

ಗುರುಗಳು ಇಬ್ಬರ ನಡುವೆ ಮರಳ ಮೇಲೆ ಕೂತರು.

“ಇಬ್ಬರಿಗೂ ಒಂದೇ ಮಾತು ಹೇಳಿದ್ದೆ,” ಎಂದರು. “ಇಬ್ಬರೂ ತಿರುಗಿ ಬರಲಿಲ್ಲ. ಆಳುಗಳು ಇನ್ನೂ ಕಾಯ್ತಿದಾರೆ ಅಂದುಕೊಂಡು ನಾನೂ ಸುಮ್ಮನಾದೆ. ಎದ್ದು ಬಂದು ನೋಡಬೇಕಿತ್ತು. ಅದು ನನ್ನ ತಪ್ಪು.”

ಆಮೇಲೆ ಎದ್ದು ಅಡುಗೆಮನೆಯ ಹಿಂದಿನ ದಡಕ್ಕೆ ಹೋದರು. ಅಲ್ಲಿ ಹಳೆಯದೊಂದು ಹರಿಗೋಲಿತ್ತು. ಗುರುಗಳು ತಾವು ಶಿಷ್ಯರಾಗಿದ್ದಾಗ ಹೆಣೆದದ್ದು. ಅವರನ್ನು ಯಾರು ಕರೆದೊಯ್ಯುವುದೆಂಬ ಪೈಪೋಟಿಯಲ್ಲಿ ಅವರಿಗೂ ಒಂದು ಹರಿಗೋಲಿದೆ ಎಂಬುದನ್ನು ಎಲ್ಲರೂ ಮರೆತಿದ್ದರು. ಅದು ತನ್ನ ಗೂಟಕ್ಕೆ ಕಟ್ಟಿಕೊಂಡು ತೆಪ್ಪಗೆ ತೇಲುತ್ತಿತ್ತು.

“ಇಬ್ಬರೂ ಹುಟ್ಟು ಹಿಡಿಯಿರಿ,” ಎಂದು ಗುರುಗಳು ನಡುವೆ ಕೂತರು. “ನಿಮ್ಮ ಅಪ್ಪಂದಿರಲ್ಲಿ ಒಬ್ಬ ಕಡವು ಮುಚ್ಚಿದರೂ ಸಾಕು, ದಂಡು ದಾಟಲಾರದು. ನಡೀರಿ.”

ಹರಿಗೋಲು ಹೊರಟಿತು. ನಡುಗಡ್ಡೆಯ ಮರೆಯಲ್ಲಿ ಸೆಳೆತ ಕಡಿಮೆಯಿತ್ತು. ಮರೆ ದಾಟುವಲ್ಲಿ ಎರೆಯಮ್ಮ ಕೇಳಿದ.

“ಮೊದಲು ಯಾರ ದಡಕ್ಕೆ?”

ಸೋವಿಯ ಹುಟ್ಟು ನಿಂತಿತು. ಅಪ್ಪ ಈಗ ಹಿಂದೆ ಸರಿದರೆ? ಹಿರಿಹೊಳಲಿನವರು ಇನ್ನೂ ತೆಂಕಣ ಅರಸನ ಜೊತೆಯೇ ಇದ್ದಾರೆ. ಅವರ ದಂಡು ಹೊಳೆ ದಾಟಿ ನೇರ ಮಣಲೂರಿಗೆ ನುಗ್ಗಿದರೆ?

“ನಿನ್ನ ದಡಕ್ಕೆ,” ಎಂದ. “ಮೊದಲು ನಿಮ್ಮಪ್ಪ ಮಾತು ಹಿಂದಕ್ಕೆ ತಗೊಳ್ಳಲಿ.”

“ತಗೊಂಡ ಮೇಲೆ ನಿಮ್ಮ ಅರಸನ ದಂಡು ನಮ್ಮ ಮೇಲೆ ಬಿದ್ದರೆ? ಮೊದಲು ನಿನ್ನ ದಡಕ್ಕೆ.”

“ನಾನು ಮಾತು ಕೊಡ್ತೀನಿ.”

“ನಿನ್ನ ಮಾತನ್ನ ನಿನ್ನೆ ನೋಡಿದೆವಲ್ಲ.”

“ನಿನ್ನದನ್ನೂ ನೋಡಿದೆವು.”

“ಯಾವ ದಡವಾದರೂ ಸರಿ,” ಎಂದರು ಗುರುಗಳು. ಅವರ ದನಿಯಲ್ಲಿ ಸೋವಿ ಎಂದೂ ಕೇಳದ ಅವಸರವಿತ್ತು. “ಹುಟ್ಟು ಹಾಕಿ.”

ಸೋವಿ ತೆಂಕಣಕ್ಕೆ ಹುಟ್ಟು ಹಾಕಿದ. ಎರೆಯಮ್ಮ ಬಡಗಣಕ್ಕೆ ಹಾಕಿದ. ಇಬ್ಬರೂ ಗಟ್ಟಿ ಆಳುಗಳು. ಹರಿಗೋಲು ಇದ್ದಲ್ಲೇ ತಿರುಗಿತು. ಸೋವಿ ಹಲ್ಲು ಕಚ್ಚಿ ಇನ್ನೂ ಜೋರಾಗಿ ಹಾಕಿದ. ಎರೆಯಮ್ಮನೂ ಹಾಕಿದ. ಅದು ಇನ್ನೂ ಜೋರಾಗಿ ತಿರುಗಿತು. ಒಮ್ಮೆ ಮಣಲೂರಿನ ದಡ ಕಂಡಿತು, ಒಮ್ಮೆ ಹಿರಿಹೊಳಲಿನ ದಡ ಕಂಡಿತು. ಸೋವಿ ತನ್ನ ಅಪ್ಪನ ಮನೆಯ ಸೂರನ್ನು ಗುರುತಿಸಿದ.

ಆಗ ಬಡಗಣ ದಡದಲ್ಲಿ ಭೇರಿ ಬಡಿಯಿತು.

ತೆಂಕಣ ದಡ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಅಲ್ಲಿಯೂ ಬಡಿಯಿತು.

ಇಬ್ಬರ ಕೈಯೂ ನಿಂತಿತು. ಹರಿಗೋಲು ತಿರುಗುತ್ತಾ ತಿರುಗುತ್ತಾ ತಾನಾಗಿ ನಡುಗಡ್ಡೆಯ ದಡಕ್ಕೆ ತಾಗಿತು. ಕಡವಿನ ಕಡೆಯಿಂದ ಧೂಳು ಏಳುತ್ತಿತ್ತು. ಕುದುರೆಗಳು ನೀರಿಗಿಳಿಯುವ ಸದ್ದು, ಜನ ಕೂಗುವ ಸದ್ದು ಬಂತು. ಯಾವ ಕಡೆಯ ಜನ ಕೂಗುತ್ತಿದ್ದಾರೆಂದು ಇಲ್ಲಿಂದ ತಿಳಿಯುತ್ತಿರಲಿಲ್ಲ.

ಗುರುಗಳು ಹರಿಗೋಲಿನಿಂದ ಇಳಿದರು.

“ಗುರುಗಳೇ, ಇಳಿಯಬೇಡಿ,” ಎಂದು ಸೋವಿ ಅವರ ಕೈ ಹಿಡಿದ. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು. “ಕೂತುಕೊಳ್ಳಿ. ಯಾವ ದಡಕ್ಕೆ ಹೇಳಿದರೆ ಆ ದಡಕ್ಕೆ ಹಾಕ್ತೀನಿ. ಅವನ ದಡಕ್ಕಾದರೂ ಸರಿ, ನಮ್ಮ ದಡಕ್ಕಾದರೂ ಸರಿ.”

“ನಾನೂ ಹಾಕ್ತೀನಿ,” ಎಂದ ಎರೆಯಮ್ಮ.

ಗುರುಗಳು ಮೆಲ್ಲಗೆ ಕೈ ಬಿಡಿಸಿಕೊಂಡರು. ದಡದಲ್ಲಿ ಬೆಳೆದಿದ್ದ ಹುಲ್ಲನ್ನು ಬಗ್ಗಿ ಕಿತ್ತರು. ತಾವು ಕೂತಿದ್ದ ಜಾಗದಲ್ಲಿ ಅದನ್ನು ಹರಡಿದರು.

“ಇನ್ನೂ ಹುಲ್ಲು ಬೇಕು ಸೋವಿ, ದಪ್ಪಗೆ ಹಾಸು. ಈ ಜಾಗದಲ್ಲಿ ಇನ್ನು ಗಾಯಗೊಂಡವರನ್ನ ಮಲಗಿಸಬೇಕು.”